ಗುಂಡಿನ ಬಗ್ಗೆ ನಮ್ಮೂರಾಗ ಎರಡು ಮಾತು ಯಾಕ?
(ನಿಪ್ಪಾಣಿ ಹುತಾತ್ಮ ರೈತರ ಸ್ಮರಣೆಯ ಸಭೆಯಲ್ಲಿ ಆಡಿದ ಮಾತು)



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ತಾಲೂಕಿನಿಂದ ಹೊಲದ ಕೆಲಸ ಬಿಟ್ಟು ಬಂದೀರಿ. ಭಾಳ ಹೊತ್ತು ಕೂಡಿಸೂದಿಲ್ಲ. ಒಂದೇ ಪ್ರಶ್ನೆ ಇಡತೀನಿ. ರೈತನ ಮೇಲೆ ಲಾಠಿ ಬಿದ್ದಾಗ, ಗುಂಡು ಹಾರಿದಾಗ ನಮ್ಮ ಊರ ಕಟ್ಟೀಮ್ಯಾಲೇ ಎರಡು ಮಾತು ಆಗತಾವ. ಯಾಕ?

1981ರ ಸಂಗತಿ ನೆನಸ್ರಿ. ತಂಬಾಕು ಬೆಳೆದವ ರೈತ, ದರ ಹೇಳುವವ ವ್ಯಾಪಾರಿ. ಯೋಗ್ಯ ದರ ಕೊಡ್ರಿ ಅಂತ ಶರದ್ ಜೋಶಿಯವರ ಮುಂದಾಳತ್ವದಲ್ಲಿ ಮಾರ್ಚ್ 14ರಿಂದ ರೈತರು ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಕೂತರು. 24ನೆಯ ದಿನ, ಏಪ್ರಿಲ್ 6ಕ್ಕ, ಪೊಲೀಸರು ಗುಂಡು ಹಾರಿಸಿದರು. 12 ಮಂದಿ ರೈತರು ಸತ್ತರು. ಕೇಳಿದ್ದು ದರ, ಸಿಕ್ಕಿದ್ದು ಗುಂಡು.

ಇವತ್ತಿಗೂ ಕೆಲವರು ಅಂತಾರ: “ರಸ್ತಾ ಎಲ್ಲರದು. ಸರಕಾರ ಎಷ್ಟು ದಿನ ಸುಮ್ಮನ ಕೂಡಬೇಕು?” ರಸ್ತಾ ಎಲ್ಲರದು, ಖರೆ. ಆದರೆ ರಸ್ತಾ ತೆರವು ಮಾಡೂದು ಬ್ಯಾರೆ, ಜೀವ ತೆಗೆಯೂದು ಬ್ಯಾರೆ. ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 129ನೆಯ ಕಲಮು ಹೇಳಿದ್ದು ಇಷ್ಟು: ಮೊದಲು ಚದುರಲು ಆಜ್ಞೆ ಕೊಡಬೇಕು, ಚದುರದಿದ್ದರೆ ಬಲ ಉಪಯೋಗಿಸಬಹುದು. 2024ರ ಜುಲೈ 1ರಿಂದ ಅದೇ ಮಾತು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೆಯ ಕಲಮಿನಲ್ಲಿದೆ. ಬಲ ಇರೂದು ಮಂದಿ ಚದುರಿಸಲಿಕ್ಕೆ, ಬುದ್ಧಿ ಕಲಿಸಲಿಕ್ಕಲ್ಲ.

ಇನ್ನು ಕೆಲವರು “ಪೊಲೀಸ ಅಂದ್ರ ವೈರಿ” ಅಂತಾರ. ಇದನ್ನೂ ನಾನು ಒಪ್ಪೂದಿಲ್ಲ. ಲಾಠಿ ಹಿಡಿದ ಆ ಪೇದೆ ಎಲ್ಲಿಯವ? ಎಷ್ಟೋ ಮಂದಿ ನಮ್ಮಂಥ ಒಕ್ಕಲುತನದ ಮನಿಯವರೇ. 1980ರ ಜುಲೈ 21ಕ್ಕ ಮಲಪ್ರಭಾ ನೀರಿನ ಅಭಿವೃದ್ಧಿ ಕರದ ಜಗಳದಲ್ಲಿ ನವಲಗುಂದ, ನರಗುಂದದಾಗ ಗುಂಡಿಗೆ ರೈತರು ಬಲಿಯಾದರು. ನರಗುಂದದಾಗ ರೊಚ್ಚಿಗೆದ್ದ ಗುಂಪಿನ ಕೈಯಾಗ ಪೊಲೀಸರೂ ಸತ್ತರು. ಹುತಾತ್ಮರಿಗೆ ಕೈ ಮುಗಿಯುವಾಗ ಇದನ್ನ ಮುಚ್ಚಿಡಬಾರದು. ಮುಚ್ಚಿಟ್ಟರ ನಮ್ಮ ಮಾತಿಗೆ ತೂಕ ಇರೂದಿಲ್ಲ.

ಮೂರನೆಯವರು “ಪಕ್ಷ ಬದಲಾದರ ಸರಿ ಹೋಗತೈತಿ” ಅಂತಾರ. 1980, 81ರಲ್ಲಿ ಗುಂಡೂರಾಯರ ಕಾಂಗ್ರೆಸ್ ಸರಕಾರ. 2008ರ ಜೂನ್ 10ಕ್ಕ ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗುಂಡು ಹಾರಿತು, ಇಬ್ಬರು ಸತ್ತರು. ಆಗ ಯಡಿಯೂರಪ್ಪನವರ ಭಾಜಪ ಸರಕಾರ. ರೈತರ ಹೆಸರಿನಲ್ಲಿ ಪ್ರಮಾಣವಚನ ತಗೊಂಡು ಎರಡು ವಾರವೂ ಆಗಿರಲಿಲ್ಲ. ಕುರ್ಚಿ ಬದಲಾಯಿತು, ಬಂದೂಕಿನ ಬಾಯಿ ಬದಲಾಗಲಿಲ್ಲ.

ಹಂಗಾರ ನಮ್ಮ ಜಗಳ ಪೇದೆಯ ಜೋಡಿ ಅಲ್ಲ. ಹುಕುಂ ಕೊಟ್ಟವ ಯಾರು, ಅದನ್ನ ಕೇಳಬೇಕು. ಗುಂಪು ಚದುರಿಸುವಾಗ ಮಾಡಿದ ಕೃತ್ಯಕ್ಕ ಪೊಲೀಸರ ಮೇಲೆ ಖಟ್ಲೆ ಹೂಡಬೇಕಾದರ ಸರಕಾರದ ಮಂಜೂರಾತಿ ಬೇಕು. ಕಳಿಸಿದವನೂ ಅವನೇ, ಮಂಜೂರಿ ಕೊಡುವವನೂ ಅವನೇ! ಅದಕ್ಕ ನಮ್ಮ ಬೇಡಿಕೆ ಸ್ಪಷ್ಟ ಇರಲಿ: ಗುಂಡಿನ ಹುಕುಂ ಬರಹದಲ್ಲಿ, ಹೆಸರು ಸಹಿತ ಇರಬೇಕು, ವಿಚಾರಣೆಗೆ ಗಡುವು ಇರಬೇಕು, ವರದಿ ಜನರ ಕೈಗೆ ಸಿಗಬೇಕು.

ನಮ್ಮ ಕಡೆಯಿಂದಲೂ ಶಿಸ್ತು ಬೇಕು. ಕೈಯಾಗ ಕಲ್ಲು ಇರಬಾರದು. ಕುಡಿದವ ಮುಷ್ಕರಕ್ಕ ಬರಬಾರದು. ರೋಗಿಯ ಗಾಡಿಗೆ ಮೊದಲು ದಾರಿ. ಹಿಂಗ ನಡಕೊಂಡರ, ಗುಂಡು ಸರಿ ಅನ್ನುವವನ ಬಾಯಿ ತಾನೇ ಕಟ್ಟತೈತಿ.

ಕಡೆಯ ಮಾತು. ಇವತ್ತು ನಮ್ಮ ಭಾಗದ ಮುಖ್ಯ ಬೆಳೆ ಕಬ್ಬು. ಕಬ್ಬು ಕಳಿಸಿದ 14 ದಿನದೊಳಗ ಬಿಲ್ ಕೊಡಬೇಕು, ತಡ ಆದರ ವರ್ಷಕ್ಕ ಶೇಕಡಾ 15 ಬಡ್ಡಿ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳತೈತಿ. ಅದೂ ಕಾಯ್ದೆನೇ. ಬಾಕಿ ಉಳಿಸಿಕೊಂಡವನ ಗೇಟಿನ ಮುಂದ ಲಾಠಿ ಎತ್ತಿದ್ದನ್ನ ನಾನಂತೂ ಕಂಡಿಲ್ಲ. ರೊಕ್ಕ ಕೇಳಾಕ ಹೋದವನ ಬೆನ್ನಮ್ಯಾಲ ಕಂಡೀನಿ. ಕಾಯ್ದೆ ಎರಡೂ ಕಡೆ ಒಂದೇ ತೂಕ ತೂಗುವ ದಿನ ಊರಾಗ ಎರಡು ಮಾತು ಉಳಿಯೂದಿಲ್ಲ. ಆ ತೂಕಕ್ಕಾಗಿ ನಾವು ಒಂದಾಗೋಣ.