ಒಂದು ಚಿಹ್ನೆ ಬಿಟ್ಟುಹೋದ ಕಥೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಾಫ್ಟ್‌ವೇರ್ ಇಂಜಿನಿಯರ್ ಆಗುವುದು ಹೇಗೆ ಅಂತ ಹತ್ತು ನಿಮಿಷ ಮಾತಾಡಿ ಎಂದು ನನಗೆ ಹೇಳಿದ್ದಾರೆ. ಅದನ್ನು ನಿಮ್ಮ ಮನೆಯ ಮೊಬೈಲ್ ನನಗಿಂತ ಚೆನ್ನಾಗಿ ಹೇಳುತ್ತದೆ. ನಾನು ನನ್ನ ಹೆದರಿಕೆಯ ಬಗ್ಗೆ ಮಾತಾಡುತ್ತೇನೆ. ಆ ವಿಷಯದಲ್ಲಿ ನನಗೆ ಅನುಭವ ಜಾಸ್ತಿ.

ಇಲ್ಲಿ ಓದುವಾಗ ನಾನು ಮೂರನೇ ಬೆಂಚಿನಲ್ಲಿ, ಗೋಡೆಯ ಪಕ್ಕ ಕೂರುತ್ತಿದ್ದೆ. ಗಣಿತದ ಮೇಷ್ಟ್ರು ಲೆಕ್ಕ ಮುಗಿಸಿ, ಕೈಗಂಟಿದ ಸೀಮೆಸುಣ್ಣದ ಪುಡಿ ಕೊಡವಿಕೊಂಡು, "ಎಲ್ಲರಿಗೂ ಅರ್ಥ ಆಯ್ತೇನ್ರೋ?" ಅನ್ನುತ್ತಿದ್ದರು. "ಆಯ್ತು ಸಾರ್" ಅಂತ ಎಲ್ಲರೂ ಒಟ್ಟಿಗೆ ಕೂಗುತ್ತಿದ್ದೆವು. ಅದರಲ್ಲಿ ನನ್ನದೇ ಜೋರು ದನಿ. ಅರ್ಥ ಆಗದವರ ದನಿ ಯಾವಾಗಲೂ ಸ್ವಲ್ಪ ಜೋರಾಗಿರುತ್ತದೆ.

ಪಿಯುಸಿ ಆಯಿತು, ಸಿಇಟಿ ಬರೆದೆ, ಬಿಇ ಸೀಟು ಸಿಕ್ಕಿತು. ಹೇಗೆ ಸಿಕ್ಕಿತು ಅನ್ನುವುದನ್ನು ಮಕ್ಕಳು ಕೇಳಿಸಿಕೊಳ್ಳಬೇಕು, ಇದು ನಿಮಗೂ ಬೇಕಾಗುತ್ತದೆ. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. 1ರಿಂದ 10ನೇ ತರಗತಿಯವರೆಗೆ ಹಾಗೆ ಓದಿರಬೇಕು, ಅದಕ್ಕೆ ಶಾಲೆಯಿಂದ ಪ್ರಮಾಣಪತ್ರ ಬೇಕು. ಅಪ್ಪ ಭತ್ತದ ಕೊಯ್ಲು ಬಿಟ್ಟು ಇಲ್ಲಿಗೂ ಸೊರಬದ ಬಿಇಒ ಆಫೀಸಿಗೂ ಓಡಾಡಿ ಆ ಕಾಗದ ಮಾಡಿಸಿದರು. ಅಂದರೆ ಕುಬಟೂರಿನಲ್ಲಿ ಕನ್ನಡದಲ್ಲಿ ಓದಿದ್ದೇ ನನಗೆ ಸೀಟು ಕೊಡಿಸಿತು.

ಕಾಲೇಜಿಗೆ ಹೋದ ಮೊದಲ ವಾರವೇ ನಾನು ಬಚ್ಚಿಟ್ಟದ್ದೂ ಅದನ್ನೇ.

ಯಾವೂರು ಅಂದರೆ "ಶಿವಮೊಗ್ಗ" ಅಂದೆ. ಅಪ್ಪ ಏನು ಮಾಡ್ತಾರೆ ಅಂದರೆ "ಬಿಸಿನೆಸ್" ಅಂದೆ. ಶುಂಠಿ ಹಾಕಿ ಎರಡು ವರ್ಷ ಕೈ ಸುಟ್ಟುಕೊಂಡ ಅಪ್ಪ ಇದನ್ನು ಕೇಳಿದ್ದರೆ ನಗುತ್ತಿದ್ದರೋ ಅಳುತ್ತಿದ್ದರೋ. ನಮ್ಮ ಆನವಟ್ಟಿ ಕಡೆಯ ಮಾತು ನಿಮಗೆ ಗೊತ್ತಲ್ಲ, ಅರ್ಧ ಮಲೆನಾಡು, ಅರ್ಧ ಹಾನಗಲ್. ಆ ಮಾತನ್ನೂ ಉಜ್ಜಿ ಉಜ್ಜಿ ತೆಗೆದೆ. ಒಂದು ದಿನ ಹಾಸ್ಟೆಲಿನಲ್ಲಿ ಒಬ್ಬ ಹುಡುಗ ಪೇಪರಿನಲ್ಲಿ ಬಂದಿದ್ದ ನಮ್ಮ ಕೈಟಭೇಶ್ವರ ದೇವಸ್ಥಾನದ ಫೋಟೋ ತೋರಿಸಿ, "ನೋಡೋ, 1100ರ ಸುಮಾರಿನದಂತೆ, ಕಂಬ ಎಷ್ಟು ಚೆನ್ನಾಗಿದೆ" ಅಂದ. ನಾನು ಆ ಕಂಬಗಳ ಮಧ್ಯೆ ಕಣ್ಣಾಮುಚ್ಚಾಲೆ ಆಡಿ ಬೆಳೆದವನು. "ಹೌದಾ?" ಅಂದು ಸುಮ್ಮನಾದೆ. ಈಗಲೂ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

ಕ್ಲಾಸಿನಲ್ಲಿ ಇಂಗ್ಲಿಷ್ ತಪ್ಪಾದರೆ ಅಂತ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಬ್ಯಾಕ್. ಮನೆಗೆ ಒಂದು ಅಂತ ಹೇಳಿದೆ.

ಹೇಗೋ ಬಿಇ ಮುಗಿಯಿತು, ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ನಡೆದದ್ದನ್ನು ಹೇಳುವ ಮೊದಲು ನಮ್ಮೂರಿನ ಚಂದ್ರಹಾಸನನ್ನು ನೆನಪಿಸಬೇಕು. ಕುಂತಳ ನಗರ ಅಂದರೆ ನಮ್ಮ ಕುಬಟೂರೇ ಎಂದು ನಾವೆಲ್ಲ ಅಜ್ಜಿಯರ ಬಾಯಲ್ಲಿ ಕೇಳಿದವರು. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬರುವ ಕಥೆ. ಮಂತ್ರಿ ದುಷ್ಟಬುದ್ಧಿ ಮಗ ಮದನನಿಗೆ ಪತ್ರ ಬರೆಯುತ್ತಾನೆ, ಇದನ್ನು ತಂದವನಿಗೆ ವಿಷ ಕೊಡು ಅಂತ. ಆ ಪತ್ರವನ್ನು ಚಂದ್ರಹಾಸನ ಕೈಯಲ್ಲೇ ಕಳಿಸುತ್ತಾನೆ. ಚಂದ್ರಹಾಸ ದಾರಿಯಲ್ಲಿ ತೋಟದಲ್ಲಿ ಮಲಗಿರುತ್ತಾನೆ. ಮಂತ್ರಿಯ ಮಗಳು ವಿಷಯೆ ಬಂದು ಪತ್ರ ಓದಿ, ಕಣ್ಣಿನ ಕಾಡಿಗೆಯಿಂದ ಒಂದಕ್ಷರ ಸೇರಿಸುತ್ತಾಳೆ. 'ವಿಷ' ಹೋಗಿ 'ವಿಷಯೆ' ಆಗುತ್ತದೆ. ಸಾವಿನ ಬದಲು ಮದುವೆ. (ನಮ್ಮ ಆಫೀಸಿನಲ್ಲಿ ಇನ್ನೊಬ್ಬರು ಬರೆದದ್ದನ್ನು ಹೀಗೆ ಹೇಳದೆ ಕೇಳದೆ ತಿದ್ದಿದರೆ ಮನೆಗೆ ಕಳಿಸುತ್ತಾರೆ, ಅದು ಬೇರೆ ಮಾತು.)

ನನ್ನದು ಇದರ ಉಲ್ಟಾ ಕಥೆ. ನಾನು ಒಂದು ಚಿಹ್ನೆಯನ್ನು ಬಿಟ್ಟೆ. ಜನರಿಗೆ ಹಣ ಕಳಿಸುವ ಪಟ್ಟಿಯ ಕೆಲಸ ಅದು. ಪ್ರೋಗ್ರಾಮು 50 ಹೆಸರುಗಳ ಗುಂಪು ಮಾಡಿಕೊಂಡು ಮುಂದೆ ಹೋಗಬೇಕು. 50ಕ್ಕಿಂತ ಕಡಿಮೆ ಅಥವಾ 50ಕ್ಕೆ ಸಮ ಅಂತ ಬರೆಯಬೇಕಿತ್ತು, ನಾನು ಬರೀ ಕಡಿಮೆ ಅಂತ ಬರೆದೆ. ಸಮ ಚಿಹ್ನೆ ಬಿಟ್ಟುಹೋಯಿತು. ಪ್ರತಿ ಗುಂಪಿನ 50ನೆಯವರಿಗೆ ದುಡ್ಡೇ ಹೋಗಲಿಲ್ಲ. ಮೂರು ದಿನ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದಾಗ ಎಲ್ಲರ ಅನುಮಾನ ಹೋದದ್ದು, ಅದೇ ವಾರ ಆ ಭಾಗದಲ್ಲಿ ಕೆಲಸ ಮಾಡಿದ್ದ, ಹೊಸದಾಗಿ ಸೇರಿದ್ದ ಒಬ್ಬ ಹುಡುಗಿಯ ಮೇಲೆ. ಅವಳಿಗೂ ತನ್ನದೇ ತಪ್ಪು ಅಂತ ಅನ್ನಿಸಿಬಿಟ್ಟಿತ್ತು. ಕ್ಯಾಂಟೀನಿನಲ್ಲಿ ತಟ್ಟೆ ಮುಂದೆ ಇಟ್ಟುಕೊಂಡು ಊಟ ಮಾಡದೆ ಕೂತಿದ್ದಳು.

ಆ ರಾತ್ರಿ ನಾನು ರೂಮಿನಲ್ಲಿ ಸಾಲು ಸಾಲಾಗಿ ಓದಿದೆ. ಹನ್ನೊಂದೂವರೆಗೆ ಆ ಸಾಲು ಸಿಕ್ಕಿತು. ನಾನು ಬರೆದ ಸಾಲು. ಹೇಳಿದರೆ ಕೆಲಸ ಹೋಗಬಹುದು, ಹೇಳದಿದ್ದರೆ ಅವಳ ಕೆಲಸ ಹೋಗಬಹುದು. ಬೆಳಿಗ್ಗೆವರೆಗೂ ನಿದ್ದೆ ಇಲ್ಲ. ನಾನು ಧೈರ್ಯವಂತ ಅಂತ ತಿಳಿಯಬೇಡಿ. ಸುಮ್ಮನಿರಲು ಏನೇನು ಕಾರಣ ಇದೆ ಅಂತಲೇ ಆ ರಾತ್ರಿಯೆಲ್ಲ ಹುಡುಕಿದೆ. ಒಳ್ಳೊಳ್ಳೆಯ ಕಾರಣಗಳೇ ಸಿಕ್ಕವು.

ಮರುದಿನ ಮೀಟಿಂಗಿನಲ್ಲಿ ಮ್ಯಾನೇಜರ್ ಎಲ್ಲ ವಿವರಿಸಿ, "ಎಲ್ಲರಿಗೂ ಅರ್ಥ ಆಯ್ತಲ್ಲ?" ಅಂತ ಇಂಗ್ಲಿಷಿನಲ್ಲಿ ಕೇಳಿದರು. ಎಲ್ಲರೂ ತಲೆ ಆಡಿಸಿದರು. ನನಗೆ ಇದೇ ಶಾಲೆಯ ಮೂರನೇ ಬೆಂಚು ಕಣ್ಣಿಗೆ ಬಂತು. ಎದ್ದು ನಿಂತೆ. ಇಂಗ್ಲಿಷ್ ಎಂದಿನಂತೆ ಕೈಕೊಟ್ಟಿತು. ಬೋರ್ಡಿಗೆ ಹೋಗಿ ಆ ಸಾಲು ಬರೆದು, ಬಿಟ್ಟುಹೋದ ಚಿಹ್ನೆಯನ್ನು ಕೆಂಪಿನಲ್ಲಿ ಹಾಕಿ, "ಇದು ನಾನು ಬರೆದದ್ದು, ಅವರದಲ್ಲ" ಅಂದೆ. ಎರಡನೇ ಭಾಗ ಕನ್ನಡದಲ್ಲೇ ಬಂದುಬಿಟ್ಟಿತು.

ಸರಿ ಮಾಡಲು ಇಪ್ಪತ್ತು ನಿಮಿಷ ಸಾಕಾಯಿತು. ಹಣ ಹೋಗದವರನ್ನೆಲ್ಲ ಹುಡುಕಿ ಕಳಿಸಲು ಎರಡು ದಿನ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೈಗುಳ ಬಿತ್ತು, ಆ ವರ್ಷ ಸಂಬಳ ಏರಲಿಲ್ಲ. ನಿಜ ಹೇಳಿದರೆ ಬಹುಮಾನ ಬರುತ್ತದೆ ಅಂತ ನಿಮಗೆ ಸುಳ್ಳು ಹೇಳಲಾರೆ. ಆದರೆ ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು. ಆಮೇಲಿನ ಮೀಟಿಂಗುಗಳಲ್ಲಿ ಗೊತ್ತಾಗದ್ದನ್ನು ಗೊತ್ತಾಗಲಿಲ್ಲ ಅನ್ನುವುದೂ ಸುಲಭವಾಯಿತು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲವಲ್ಲ.

ಸಂಜೆ ಆ ಹುಡುಗಿ ಟೀ ಕುಡಿಯುವಾಗ ಬಂದು, "ನಿಮ್ಮದು ಯಾವೂರು?" ಅಂದಳು. "ಕುಬಟೂರು" ಅಂದೆ. ಎಲ್ಲಿ ಬರುತ್ತೆ ಅಂದಳು. ಸೊರಬ ತಾಲ್ಲೂಕು, ಆನವಟ್ಟಿ ಹತ್ತಿರ ಅಂತ ಶುರುಮಾಡಿ, ಚಂದ್ರಹಾಸ, ವಿಷಯೆ, ಕಾಡಿಗೆ ಎಲ್ಲ ಹೇಳುವಷ್ಟರಲ್ಲಿ ಟೀ ಆರಿಹೋಗಿತ್ತು.

ಕೊನೆಗೆ ಒಂದು ಬಾಕಿ ಇದೆ. ಒಂಬತ್ತನೇ ಕ್ಲಾಸಿನಲ್ಲಿ ಋಣ ಸಂಖ್ಯೆಯನ್ನು ಋಣ ಸಂಖ್ಯೆಯಿಂದ ಗುಣಿಸಿದರೆ ಧನ ಸಂಖ್ಯೆ ಬರುತ್ತದೆ ಎಂದು ಮೇಷ್ಟ್ರು ಹೇಳಿದ್ದರು. ಯಾಕೆ ಅಂತ ನನಗೆ ಅರ್ಥ ಆಗಿರಲಿಲ್ಲ. "ಆಯ್ತು ಸಾರ್" ಅಂದಿದ್ದೆ. ಅವರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಸಾರ್, ಊಟ ಆದಮೇಲೆ ಹತ್ತು ನಿಮಿಷ ಕೊಡಿ, ಕೇಳುವುದಿದೆ. ಅರ್ಥ ಆಗದ ಮಕ್ಕಳು ಯಾರಾದರೂ ಇದ್ದರೆ ನನ್ನ ಜೊತೆ ಬನ್ನಿ.