ಲಾರಿ ಲೈಸೆನ್ಸಿಗೂ ಅಕ್ಷರವೇ ಮೊದಲ ಮೆಟ್ಟಿಲು



ಇವತ್ತು ನಾವು ಗಾಡಿ ಓಡಿಸೋ ಲೈಸೆನ್ಸಿನ ಬಗ್ಗೆ ಮಾತಾಡೋಣ. ಸ್ಕೂಟರ್ ಲೈಸೆನ್ಸ್ ಮಾತ್ರ ಅಲ್ಲ. ಟೆಂಪೊ, ಲಾರಿ ಓಡಿಸೋ ಲೈಸೆನ್ಸ್. "ಅದು ಗಂಡಸರ ಕೆಲಸ, ನಮಗ್ಯಾಕೆ ಟೀಚರ್?" ಅಂತ ಕೆಲವರು ನಗಬಹುದು. ನಗಿ, ಪರವಾಗಿಲ್ಲ. ಆದರೆ ಕೊನೇವರೆಗೂ ಕೇಳಿ.

ನಮ್ಮ ಜಿಲ್ಲೆ ಬದುಕುವುದೇ ಗಾಡಿಯ ಮೇಲೆ. ಚಿಂತಾಮಣಿಯ ಟೊಮೇಟೊ ಗಾಡಿ ಹತ್ತಬೇಕು. ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಗಾಡಿಯಲ್ಲೇ ಬರಬೇಕು. ಚಿಕ್ಕಬಳ್ಳಾಪುರದ ಹೂವು, ದ್ರಾಕ್ಷಿ ಹೊತ್ತಿಗೆ ಸರಿಯಾಗಿ ಬೆಂಗಳೂರು ಸೇರಬೇಕು. ಹೂವು ಬಿಡಿಸೋರು ಯಾರು? ನಾವು. ಗೂಡು ಬಿಡಿಸೋರು ಯಾರು? ನಾವು. ಕ್ರೇಟು ತುಂಬೋರು ಯಾರು? ನಾವೇ. ಗಾಡಿ ಹೊರಟ ಮೇಲೆ ಬಾಡಿಗೆ ಎಷ್ಟು, ದಾರಿ ಯಾವುದು, ಮಾಲು ಎಷ್ಟಕ್ಕೆ ಹೋಯಿತು, ಇದು ಮಾತ್ರ ನಮಗೆ ಗೊತ್ತಾಗೋದಿಲ್ಲ. ನಮ್ಮ ಸ್ತ್ರೀಶಕ್ತಿ ಸಂಘದೋರು ಸೇರಿ ಒಂದು ಸಣ್ಣ ಗೂಡ್ಸ್ ಗಾಡಿ ತಗೊಂಡರೂ, ಓಡಿಸೋಕೆ ಹೊರಗಿನವರನ್ನೇ ಕಾಯಬೇಕು. ನಮ್ಮಲ್ಲೇ ಒಬ್ಬಳ ಹತ್ತಿರ ಲೈಸೆನ್ಸ್ ಇದ್ದರೆ?

ಕಾನೂನು ಏನು ಹೇಳುತ್ತೆ?

ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯ್ದೆ ಇದೆ. ಹೆಂಗಸರು ಲಾರಿ ಓಡಿಸಬಾರದು ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ.

ಕಾರಿನಂಥ ಹಗುರ ಗಾಡಿ ಓಡಿಸಲು 18 ವರ್ಷ ತುಂಬಿರಬೇಕು. ಬಾಡಿಗೆಯ ಗಾಡಿ, ಸರಕಿನ ಗಾಡಿ ಓಡಿಸಲು 20 ವರ್ಷ ತುಂಬಿರಬೇಕು.

ಮೊದಲು ಸರಕಿನ ಗಾಡಿಯ ಲೈಸೆನ್ಸಿಗೆ ಎಂಟನೇ ತರಗತಿ ಓದಿರಬೇಕು ಅಂತ ನಿಯಮ ಇತ್ತು. 2019ರಲ್ಲಿ ಕೇಂದ್ರ ಸರ್ಕಾರ ಆ ನಿಯಮವನ್ನು ತೆಗೆದುಹಾಕಿತು. ಈಗ ಯಾವ ಶಾಲೆಯ ಸರ್ಟಿಫಿಕೇಟೂ ಬೇಡ. ಶಾಲೆ ಮೆಟ್ಟಿಲು ಹತ್ತದೆ, ಸಂಜೆ ಈ ಕೇಂದ್ರದಲ್ಲಿ ಅಕ್ಷರ ಕಲಿತ ನಿಮಗೂ ಬಾಗಿಲು ತೆರೆದಿದೆ. ಸರ್ಟಿಫಿಕೇಟು ಬೇಡ ಅಂದರೆ ಓದು ಬೇಡ ಅಂತ ಅಲ್ಲ. ಪರೀಕ್ಷೆ ಇದ್ದೇ ಇದೆ. ರಸ್ತೆಯ ಬೋರ್ಡೂ ಇದ್ದೇ ಇದೆ.

ಹಂತ ಹಂತವಾಗಿ ಹೋಗೋಣ

ಮೊದಲ ಹಂತ ಎಲ್.ಎಲ್.ಆರ್. ಅಂದರೆ ಕಲಿಯುವವರ ಲೈಸೆನ್ಸ್. ಇದಕ್ಕೆ ಒಂದು ಪರೀಕ್ಷೆ ಇದೆ. ಪಾಸಾದರೆ ಆರು ತಿಂಗಳು ನಡೆಯುವ ಲೈಸೆನ್ಸ್ ಕೊಡುತ್ತಾರೆ. ಗಾಡಿಗೆ ಕೆಂಪು ಬಣ್ಣದ 'ಎಲ್' ಹಾಕಿಕೊಂಡು, ಲೈಸೆನ್ಸ್ ಇರೋರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಯಬೇಕು.

ಎರಡನೇ ಹಂತ ಡಿ.ಎಲ್. ಎಲ್.ಎಲ್.ಆರ್. ಸಿಕ್ಕಿ 30 ದಿನ ಕಳೆದ ಮೇಲೆ ಗಾಡಿ ಓಡಿಸಿ ತೋರಿಸಬೇಕು. ಮೊದಲು ಹಗುರ ಗಾಡಿಯ ಲೈಸೆನ್ಸ್ ತಗೊಳ್ಳಿ.

ಮೂರನೇ ಹಂತ ದೊಡ್ಡ ಲಾರಿ. ಹಗುರ ಗಾಡಿಯ ಲೈಸೆನ್ಸ್ ಪಡೆದು ಒಂದು ವರ್ಷ ಆಗಿರಬೇಕು. ಡಾಕ್ಟರ ಸರ್ಟಿಫಿಕೇಟ್ ಬೇಕು. ಡ್ರೈವಿಂಗ್ ಶಾಲೆಯಲ್ಲಿ ಕಲಿತ ಸರ್ಟಿಫಿಕೇಟ್ ಬೇಕು. ಈ ಲೈಸೆನ್ಸನ್ನು ಐದು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು.

ಇನ್ನೊಂದು ಮಾತು ನೆನಪಿಡಿ. ಗಾಡಿ ತೂಕ, ಸರಕಿನ ತೂಕ ಎರಡೂ ಸೇರಿ 7,500 ಕೆ.ಜಿ. ಮೀರದ ಸರಕಿನ ಗಾಡಿಗೆ ಹಗುರ ಗಾಡಿಯ ಲೈಸೆನ್ಸೇ ಸಾಕು. ಸುಪ್ರೀಂ ಕೋರ್ಟ್ 2017ರಲ್ಲಿ ಹೀಗೆ ಹೇಳಿತು. 2024ರ ನವೆಂಬರಿನಲ್ಲಿ ಐದು ಜನ ನ್ಯಾಯಾಧೀಶರು ಕೂತು ಅದನ್ನೇ ಎತ್ತಿ ಹಿಡಿದರು. ಹೂವು, ತರಕಾರಿ ಸಾಗಿಸುವ ನಮ್ಮೂರ ಸಣ್ಣ ಗಾಡಿಗಳೆಲ್ಲ ಈ ಲೆಕ್ಕದೊಳಗೆ ಬರುತ್ತವೆ.

ನಮಗೆ ಆರ್.ಟಿ.ಓ. ಆಫೀಸು ದೂರ ಇಲ್ಲ. ಕೆ.ಎ. 40 ಅಂತ ನಂಬರ್ ಇದ್ದರೆ ಅದು ಚಿಕ್ಕಬಳ್ಳಾಪುರದ್ದು. ಕೆ.ಎ. 67 ಇದ್ದರೆ ಚಿಂತಾಮಣಿಯದು. ನಾಳೆ ಬಸ್ಸಿಗೆ ಕಾಯುವಾಗ ಗಾಡಿಗಳ ನಂಬರ್ ಓದಿ ನೋಡಿ. ಅದೂ ಒಂದು ಪಾಠವೇ.

ಪರೀಕ್ಷೆಯಲ್ಲಿ ಏನು ಕೇಳುತ್ತಾರೆ?

ಪರೀಕ್ಷೆ ಕಂಪ್ಯೂಟರಿನಲ್ಲಿ ನಡೆಯುತ್ತೆ. ಕನ್ನಡದಲ್ಲೇ ಬರೆಯಬಹುದು. ನಮ್ಮಲ್ಲಿ ಎಷ್ಟೋ ಜನರ ಮನೆಮಾತು ತೆಲುಗು. ಹೆದರಬೇಡಿ, ನೀವು ಕಲಿತ ಕನ್ನಡ ಅಕ್ಷರ ಇದಕ್ಕೆ ಸಾಕು. ಪ್ರಶ್ನೆ ಬರುತ್ತೆ, ಕೆಳಗೆ ಉತ್ತರಗಳಿರುತ್ತವೆ, ಸರಿಯಾದ್ದನ್ನು ಒತ್ತಬೇಕು. ನೂರಕ್ಕೆ ಅರವತ್ತು ಬಂದರೆ ಪಾಸು. ಅಂದರೆ ಹತ್ತು ಪ್ರಶ್ನೆಗೆ ಆರು ಸರಿ ಇರಬೇಕು. ಹೊತ್ತು ಸ್ವಲ್ಪವೇ ಇರುತ್ತೆ. ಅದಕ್ಕೇ ದಿನಾ ಓದುವ ಅಭ್ಯಾಸ ಬೇಕು.

ಮೊದಲು ಬೋರ್ಡುಗಳನ್ನು ಕಲಿಯೋಣ. ಆಕಾರ ನೋಡಿದರೆ ಅರ್ಧ ಉತ್ತರ ಸಿಕ್ಕಿದ ಹಾಗೆ.

ಕೆಂಪು ಅಂಚಿನ ಗುಂಡು ಬೋರ್ಡು: "ಹೀಗೆ ಮಾಡಬೇಡ" ಅಥವಾ "ಇಷ್ಟೇ ಮಿತಿ" ಅನ್ನುತ್ತೆ.
ನೀಲಿ ಗುಂಡು ಬೋರ್ಡು: "ಹೀಗೇ ಮಾಡು" ಅನ್ನುತ್ತೆ.
ಕೆಂಪು ಅಂಚಿನ ಮೂರು ಮೂಲೆಯ ಬೋರ್ಡು: "ಜೋಕೆ, ಮುಂದೆ ತಿರುವಿದೆ, ಶಾಲೆ ಇದೆ" ಅಂತ ಎಚ್ಚರಿಸುತ್ತೆ.
ನೀಲಿ ಚೌಕದ ಬೋರ್ಡು: "ಇಲ್ಲಿ ಆಸ್ಪತ್ರೆ ಇದೆ, ಪೆಟ್ರೋಲ್ ಬಂಕ್ ಇದೆ" ಅಂತ ತಿಳಿಸುತ್ತೆ.
ಎಂಟು ಮೂಲೆಯ ಕೆಂಪು ಬೋರ್ಡು: "ನಿಲ್ಲು." ಇದು ಒಂದೇ ಥರ, ಮರೆಯೋದೇ ಇಲ್ಲ.

ಆಮೇಲೆ ದಾರಿಯ ನಿಯಮ. ನಂದಿ ಬೆಟ್ಟದ ದಾರಿ ನೆನಪು ಮಾಡಿಕೊಳ್ಳಿ. ಒಂದು ಗಾಡಿ ಹತ್ತುತ್ತಿದೆ, ಇನ್ನೊಂದು ಇಳಿಯುತ್ತಿದೆ. ದಾರಿ ಕಿರಿದು. ಯಾರು ದಾರಿ ಬಿಡಬೇಕು? ಇಳಿಯೋರು ಬಿಡಬೇಕು. ತುಂಬಿದ ಗಾಡಿ ಏರಿನಲ್ಲಿ ನಿಂತರೆ ಮತ್ತೆ ಎಳೆಯೋದು ಕಷ್ಟ. ಹಿಂದಕ್ಕೆ ಜಾರಲೂಬಹುದು. ಕಾರಣ ತಿಳಿದರೆ ಉತ್ತರ ಬಾಯಿಪಾಠ ಮಾಡಬೇಕಾಗಿಲ್ಲ.

ಗೌರಿಬಿದನೂರಿನ ಕಡೆ, ಶಿಡ್ಲಘಟ್ಟ, ಚಿಂತಾಮಣಿ ಕಡೆ ರೈಲು ದಾರಿ ಇದೆ. ಕಾವಲಿಲ್ಲದ ರೈಲ್ವೆ ಗೇಟಿನಲ್ಲಿ ಏನು ಮಾಡಬೇಕು ಅಂತ ಕೇಳಬಹುದು. ಗಾಡಿ ನಿಲ್ಲಿಸಬೇಕು. ಕ್ಲೀನರೋ ಡ್ರೈವರೋ ಇಳಿದು ನಡೆದು ಹೋಗಿ ಎರಡೂ ಕಡೆ ನೋಡಬೇಕು. ರೈಲು ಬರುತ್ತಿಲ್ಲ ಅಂತ ಖಾತ್ರಿಯಾದ ಮೇಲೇ ದಾಟಬೇಕು.

ಅಪಘಾತ ಆದರೆ? ಓಡಿಹೋಗಬಾರದು. ಗಾಯ ಆದವರನ್ನು ಹತ್ತಿರದ ಆಸ್ಪತ್ರೆಗೆ ಸೇರಿಸಬೇಕು. 108ಕ್ಕೆ ಫೋನ್ ಮಾಡಬೇಕು. ಪೊಲೀಸರಿಗೆ ತಿಳಿಸಬೇಕು.

ಗಾಡಿಯಲ್ಲಿ ಯಾವ ಕಾಗದ ಇರಬೇಕು? ಲೈಸೆನ್ಸ್, ಆರ್.ಸಿ., ಇನ್ಶೂರೆನ್ಸ್, ಹೊಗೆ ತಪಾಸಣೆ ಚೀಟಿ. ಲಾರಿಯಾದರೆ ಎಫ್.ಸಿ. ಮತ್ತು ಪರ್ಮಿಟ್ ಕೂಡ.

ಪರೀಕ್ಷೆ ಯಾಕೆ?

2023ರ ಅಕ್ಟೋಬರ್ 26ರ ಬೆಳಗ್ಗೆ ಚಿಕ್ಕಬಳ್ಳಾಪುರದ ಹತ್ತಿರ ಹೆದ್ದಾರಿಯಲ್ಲಿ ನಡೆದದ್ದು ನಿಮಗೆಲ್ಲ ನೆನಪಿರಬಹುದು. ದಟ್ಟ ಮಂಜು ಕವಿದಿತ್ತು. ನಿಂತಿದ್ದ ಟ್ಯಾಂಕರ್ ಲಾರಿಗೆ ಜನ ತುಂಬಿದ್ದ ಗಾಡಿ ಹಿಂದಿನಿಂದ ಗುದ್ದಿತು. 13 ಜನ ಪ್ರಾಣ ಬಿಟ್ಟರು. ಮಂಜಿನಲ್ಲಿ ಎಷ್ಟು ನಿಧಾನ ಹೋಗಬೇಕು? ದೊಡ್ಡ ಗಾಡಿಯನ್ನು ಎಲ್ಲಿ ನಿಲ್ಲಿಸಬೇಕು? ನಿಲ್ಲಿಸಿದಾಗ ಯಾವ ದೀಪ ಹಾಕಬೇಕು? ಇವೇ ನಾವು ಕಲಿಯುವ ಪಾಠಗಳು. ಪುಸ್ತಕದಲ್ಲಿ ಒಂದು ಸಾಲು. ದಾರಿಯಲ್ಲಿ ಅದು ಒಂದು ಮನೆಯ ದೀಪ.

ಅದಕ್ಕೇ ಒಂದು ಮಾತು ಗಟ್ಟಿಯಾಗಿ ಹೇಳುತ್ತೇವೆ. "ಓದೋದು ಬೇಡಮ್ಮ, ದುಡ್ಡು ಕೊಡು, ನಾನು ಮಾಡಿಸಿಕೊಡ್ತೀನಿ" ಅನ್ನೋ ದಲ್ಲಾಳಿಗಳು ಸಿಗುತ್ತಾರೆ. ನಂಬಬೇಡಿ. ಹೆಬ್ಬೆಟ್ಟು ಒತ್ತುತ್ತಿದ್ದ ಕಾಲದಲ್ಲಿ ನಮ್ಮ ಕೈ ಹಿಡಿದು ಒತ್ತಿಸಿದವರೂ ಇಂಥವರೇ. ಅವರು ಲೈಸೆನ್ಸ್ ಕೊಡಿಸಬಹುದು. ತಿರುವಿನಲ್ಲಿ ಎದುರು ಗಾಡಿ ಬಂದಾಗ ಪಕ್ಕದಲ್ಲಿ ಕೂತು ಬುದ್ಧಿ ಹೇಳೋದಿಲ್ಲ.

ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಟ್ಟು ಅಪಘಾತ ಆದರೆ, ಇನ್ಶೂರೆನ್ಸ್ ಕಂಪನಿ ಆ ಪರಿಹಾರದ ದುಡ್ಡನ್ನು ಗಾಡಿ ಮಾಲೀಕರಿಂದಲೇ ವಸೂಲಿ ಮಾಡಬಹುದು. ಹೊಲ ಮಾರಬೇಕಾಗುತ್ತೆ. ಆದ್ದರಿಂದ ನೀವು ಗಾಡಿ ಓಡಿಸದಿದ್ದರೂ ಪರವಾಗಿಲ್ಲ, ನಿಮ್ಮ ಯಜಮಾನರ, ಮಗನ ಲೈಸೆನ್ಸ್ ತೆಗೆದು ಓದಿ. ಯಾವ ಗಾಡಿಗೆ ಇದೆ? ಯಾವ ತಾರೀಖಿಗೆ ಮುಗಿಯುತ್ತೆ? ಅದನ್ನು ಓದಲು ಈಗ ನಿಮಗೆ ಬರುತ್ತೆ.

ಓಡಿಸಿದವರು ಇದ್ದಾರೆ

ತಮಿಳುನಾಡಿನ ವಸಂತಕುಮಾರಿ 1993ರಲ್ಲೇ ಸರ್ಕಾರಿ ಬಸ್ಸಿನ ಸ್ಟೇರಿಂಗ್ ಹಿಡಿದರು. ಮಧ್ಯಪ್ರದೇಶದ ಯೋಗಿತಾ ರಘುವಂಶಿ ಗಂಡ ತೀರಿಕೊಂಡ ಮೇಲೆ ಮಕ್ಕಳನ್ನು ಸಾಕಲು ಲಾರಿ ಹತ್ತಿದರು. ರಾಜ್ಯ ರಾಜ್ಯ ದಾಟಿ ಸರಕು ಸಾಗಿಸಿದರು. ನಮ್ಮ ಕರ್ನಾಟಕದ ಸೆಲ್ವಿ ಚಿಕ್ಕ ವಯಸ್ಸಿನಲ್ಲೇ ಮದುವೆಯಾಗಿ ಬಹಳ ಕಷ್ಟಪಟ್ಟವರು. ಮೈಸೂರಿನಲ್ಲಿ ಆಸರೆ ಪಡೆದು, ಡ್ರೈವಿಂಗ್ ಕಲಿತು, ಟ್ಯಾಕ್ಸಿ ಓಡಿಸಿ ಸ್ವಂತ ಕಾಲ ಮೇಲೆ ನಿಂತರು. ಇವರ ಕೈಗೆ ಸ್ಟೇರಿಂಗ್ ಯಾರೂ ಸುಮ್ಮನೆ ಕೊಡಲಿಲ್ಲ. ಕಲಿತು ಹಿಡಿದರು.

"ಊರೋರು ಏನಂತಾರೆ?" ಅನ್ನೋ ಭಯ ಇದ್ದೇ ಇರುತ್ತೆ. ನೀವು ಸ್ಲೇಟು ಹಿಡಿದು ಈ ಕೇಂದ್ರಕ್ಕೆ ಬಂದ ದಿನವೂ ಊರೋರು ಏನೋ ಅಂದಿದ್ದರು. ಈಗ ಅವರೇ ಕಾಗದ ಓದಿಸಿಕೊಳ್ಳಲು ನಿಮ್ಮ ಹತ್ತಿರ ಬರುತ್ತಾರೆ.

ದೇಶ ಸುತ್ತಬೇಕು, ಕೋಶ ಓದಬೇಕು ಅಂತ ಹಿರಿಯರು ಹೇಳಿದ್ದಾರೆ. ಗಾಡಿ ಓಡಿಸೋರಿಗೆ ಎರಡೂ ಬೇಕು. ಬರುವ ಸೋಮವಾರದಿಂದ ದಿನಕ್ಕೆ ಐದು ಬೋರ್ಡು, ಐದು ಪ್ರಶ್ನೆ ಕಲಿಯೋಣ. ಯಾರಿಗೆ ಇಷ್ಟವೋ ಅವರು ಹೆಸರು ಕೊಡಿ. ಹೆಸರನ್ನು ನಾವು ಬರೆದುಕೊಳ್ಳೋದಿಲ್ಲ. ನೀವೇ ನಿಮ್ಮ ಕೈಯಾರೆ ಬರೆದು ಕೊಡಿ.