ಸಮುದ್ರದ ತಳವನ್ನು ಓದುವ ಬಗೆ

(ಶಾಲೆಯ ಶತಮಾನೋತ್ಸವದ ಸಂದರ್ಭದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕಾಸರಗೋಡಿನ ಕರಾವಳಿಯವರಾದ ನಮಗೆ ಸಮುದ್ರವು ಹೊಸತಲ್ಲ. ಅದರ ಅಲೆ, ಗಾಳಿ, ಭರತ, ಇಳಿತಗಳನ್ನು ನಾವು ಬಾಲ್ಯದಿಂದಲೇ ಕಂಡವರು. ಆದರೆ ಅದರ ತಳದಲ್ಲಿ ಏನಿದೆಯೆಂಬುದನ್ನು ಕಂಡವರು ನಮ್ಮಲ್ಲಿ ವಿರಳ. ಇಂದು ಉಸಿರಾಟದ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ಕೆಳಗಿಳಿಯುವ ಮುಳುಗುಗಾರರು, ಯಾರೂ ಇಳಿಯದ ಹೊಸ ತಾಣಗಳನ್ನು ಅರಸುವಾಗ ಮೊದಲು ಕೈಗೆತ್ತಿಕೊಳ್ಳುವುದು ವಿದ್ಯುನ್ಮಾನ ನೌಕಾನಕ್ಷೆಯನ್ನು. ಆ ನಕ್ಷೆಯನ್ನು ಓದುವ ಕ್ರಮವೇ ನಮ್ಮ ಇಂದಿನ ವಿಷಯ.

ಈ ನಕ್ಷೆಗಳು ಮುಳುಗುಗಾರರಿಗಾಗಿ ರಚಿತವಾದವುಗಳಲ್ಲ. ಹಡಗುಗಳು ಅಪಾಯವಿಲ್ಲದೆ ಬಂದರು ಸೇರಬೇಕೆಂಬುದು ಅವುಗಳ ಉದ್ದೇಶ. ಭಾರತದ ಸಮುದ್ರಗಳಿಗೆ ಸಂಬಂಧಿಸಿದ ನಕ್ಷೆಗಳನ್ನು ಸಿದ್ಧಪಡಿಸುವ ರಾಷ್ಟ್ರೀಯ ಜಲಮಾಪನ ಕಚೇರಿಯು ಸಮುದ್ರದಿಂದ ಬಹುದೂರ, ಹಿಮಾಲಯದ ತಪ್ಪಲಿನ ಡೆಹ್ರಾಡೂನಿನಲ್ಲಿದೆ. ನೀರಿನಡಿಯ ಬಂಡೆ, ಮುಳುಗಿದ ಹಡಗು, ಹಠಾತ್ತನೆ ಮೇಲೆದ್ದ ದಿಬ್ಬ, ಇವೆಲ್ಲವನ್ನು ನಾವಿಕನು ದೂರವಿರಬೇಕಾದ ಸ್ಥಳಗಳೆಂದು ಓದುತ್ತಾನೆ. ಆದರೆ ಬಂಡೆಯಿದ್ದಲ್ಲಿ ಹವಳವೂ ಮೀನೂ ಆಶ್ರಯ ಪಡೆಯುತ್ತವೆ. ಹಾಗಾಗಿ ಮುಳುಗುಗಾರನು ಅದೇ ಗುರುತುಗಳನ್ನು ಹೋಗಬೇಕಾದ ಸ್ಥಳಗಳೆಂದು ಓದುತ್ತಾನೆ.

ನಕ್ಷೆಯ ತುಂಬ ಹರಡಿರುವ ಅಂಕಿಗಳು ಆಳವನ್ನು ಸೂಚಿಸುತ್ತವೆ. ಇಂದು ಮೀಟರಿನಲ್ಲಿರುವ ಈ ಅಳತೆ ಹಳೆಯ ಆಂಗ್ಲ ನಕ್ಷೆಗಳಲ್ಲಿ ಫ್ಯಾದಮ್ಮಿನಲ್ಲಿತ್ತು. ಎರಡು ತೋಳುಗಳನ್ನು ಚಾಚಿದಾಗ ದೊರೆಯುವ ಆ ಉದ್ದವನ್ನು ನಾವು ಮಾರು ಎನ್ನುತ್ತೇವೆ. ಆಗ ಹಗ್ಗದ ತುದಿಗೆ ಸೀಸದ ಗುಂಡನ್ನು ಕಟ್ಟಿ ಇಳಿಬಿಡುತ್ತಿದ್ದರು. ಗುಂಡಿನ ಅಡಿಯ ಕುಳಿಗೆ ಪ್ರಾಣಿಯ ಕೊಬ್ಬನ್ನು ಮೆತ್ತಿರುತ್ತಿದ್ದರು. ಅದಕ್ಕೆ ಅಂಟಿ ಬಂದ ಮರಳು, ಕೆಸರು, ಚಿಪ್ಪಿನ ಚೂರುಗಳಿಂದ ತಳದ ಸ್ವರೂಪವನ್ನು ತಿಳಿಯುತ್ತಿದ್ದರು. ಈಗ ಆ ಕೆಲಸವನ್ನು ಶಬ್ದದ ಪ್ರತಿಧ್ವನಿಯಿಂದ ಆಳವನ್ನು ಅಳೆಯುವ ಯಂತ್ರ ಮಾಡುತ್ತದೆ. ಆದರೂ ಮರಳಿಗೆ ಎಸ್, ಕೆಸರಿಗೆ ಎಂ, ಬಂಡೆಗೆ ಆರ್ ಎಂಬ ಅಕ್ಷರಗಳು ನಕ್ಷೆಯಲ್ಲಿ ಇಂದಿಗೂ ಉಳಿದಿವೆ.

ಹೊಸ ತಾಣವನ್ನು ಅರಸುವವನು ಮೊದಲು ನೆರೆಹೊರೆಗೆ ಹೊಂದದ ಅಂಕಿಯನ್ನು ಹುಡುಕುತ್ತಾನೆ. ಸುತ್ತಲೂ 28, 29, 30 ಎಂದಿರುವಲ್ಲಿ ನಡುವೆ 14 ಎಂಬ ಅಂಕಿಯಿದ್ದರೆ ಅಲ್ಲಿ ಏನೋ ತಲೆಯೆತ್ತಿ ನಿಂತಿದೆಯೆಂದು ಅರ್ಥ. ಅನಂತರ ಸಮಾನ ಆಳದ ರೇಖೆಗಳನ್ನು ನೋಡುತ್ತಾನೆ. ಅವು ಒತ್ತೊತ್ತಾಗಿದ್ದರೆ ಇಳಿಜಾರು ಕಡಿದು, ದೂರ ದೂರವಿದ್ದರೆ ತಳ ಬಯಲು. ಭೂಗೋಳದ ತರಗತಿಯಲ್ಲಿ ಬೆಟ್ಟಗಳ ಎತ್ತರವನ್ನು ಓದಲು ಕಲಿತ ಪಾಠವೇ ಇಲ್ಲಿ ತಲೆಕೆಳಗಾಗಿ ಬರುತ್ತದೆ. ಜೊತೆಗೆ ಆರ್ ಎಂಬ ಅಕ್ಷರವೂ ಇದ್ದರೆ ಊಹೆ ಬಲವಾಗುತ್ತದೆ. ಪರದೆಯ ಮೇಲಿನ ಗುರುತನ್ನು ಒತ್ತಿದರೆ ಅದರ ವಿವರ ತೆರೆದುಕೊಳ್ಳುವುದು ವಿದ್ಯುನ್ಮಾನ ನಕ್ಷೆಯ ದೊಡ್ಡ ಅನುಕೂಲ. ನೆನಪಿಡಬೇಕಾದ ಸಂಗತಿಯೊಂದಿದೆ: ಆ ಅಂಕಿಗಳು ಸಾಮಾನ್ಯವಾಗಿ ಅತ್ಯಂತ ಕೆಳಗಿನ ಇಳಿತದ ಮಟ್ಟದಿಂದ ಎಣಿಸಿದವು. ಭರತದ ಹೊತ್ತಿನಲ್ಲಿ ನಿಜವಾದ ಆಳ ಅದಕ್ಕಿಂತ ಹೆಚ್ಚಿರುತ್ತದೆ.

ನಕ್ಷೆಯ ಒಂದು ಗುರುತು ಎಷ್ಟನ್ನು ಹೇಳಬಲ್ಲದು, ಎಷ್ಟನ್ನು ಹೇಳಲಾರದು ಎಂಬುದಕ್ಕೆ ಆಸ್ಟ್ರೇಲಿಯದ ಯೋಂಗಾಲ ಹಡಗು ನಿದರ್ಶನ. 1911ರ ಮಾರ್ಚ್ ತಿಂಗಳ ಚಂಡಮಾರುತದಲ್ಲಿ ಆ ಉಗಿಹಡಗು 122 ಜನರೊಂದಿಗೆ ಕಣ್ಮರೆಯಾಯಿತು. ಒಬ್ಬರೂ ಬದುಕುಳಿಯಲಿಲ್ಲ. 1943ರಲ್ಲಿ, ಯುದ್ಧಕಾಲದಲ್ಲಿ, ಸಮುದ್ರದ ಸ್ಫೋಟಕಗಳನ್ನು ತೆಗೆಯುವ ನೌಕೆಯೊಂದು ಕ್ವೀನ್ಸ್‌ಲೆಂಡಿನ ತೀರದಾಚೆ ನೀರಿನಡಿಯ ಯಾವುದೋ ವಸ್ತುವಿಗೆ ತೊಡರಿತು. ಅದನ್ನು ದಿಬ್ಬವೆಂದು ಭಾವಿಸಿ ನಕ್ಷೆಯಲ್ಲಿ ಗುರುತಿಸಿದರು. 1947ರಲ್ಲಿ ಸಮೀಕ್ಷಾನೌಕೆಯೊಂದು ಪರಿಶೀಲಿಸಿ, ಅದು ಮುಳುಗಿದ ಹಡಗಾಗಿರಬಹುದೆಂದು ಸೂಚಿಸಿತು. 1958ರಲ್ಲಿ ಮುಳುಗುಗಾರರು ಕೆಳಗಿಳಿದರು. ಅಲ್ಲಿಂದ ಎತ್ತಿ ತಂದ ತಿಜೋರಿಯ ಮೇಲಿನ ಸಂಖ್ಯೆಯಿಂದ ಹಡಗಿನ ಗುರುತು ಖಚಿತವಾಯಿತು. ಸುಮಾರು 30 ಮೀಟರ್ ಆಳದಲ್ಲಿರುವ ಯೋಂಗಾಲ ಇಂದು ಜಗತ್ತಿನ ಮುಳುಗುಗಾರರಿಗೆಲ್ಲ ಪರಿಚಿತ. ಅದು ಸಮಾಧಿಯೂ ಹೌದು. ಆದುದರಿಂದ ಹಡಗಿನ ಒಳಗೆ ಹೋಗಲು ಅನುಮತಿಯಿಲ್ಲ. ದಿಬ್ಬವೆಂಬ ಒಂದು ಗುರುತಿನ ಕೆಳಗೆ ಅಷ್ಟು ಮನೆಗಳ ದುಃಖ ಅಡಗಿತ್ತು.

ಆದುದರಿಂದ ನಕ್ಷೆಯನ್ನು ಓದುವವನು ಒಂದು ಪ್ರಶ್ನೆಯನ್ನು ಬಿಡದೆ ಕೇಳಬೇಕು: ಇದನ್ನು ಬರೆದವರಿಗೆ ಇದು ಹೇಗೆ ತಿಳಿಯಿತು? ಇದಕ್ಕೆ ಉತ್ತರವನ್ನು ನಕ್ಷೆಯೇ ಕೊಡುತ್ತದೆ. ವಿದ್ಯುನ್ಮಾನ ನಕ್ಷೆಯಲ್ಲಿ ಸಮೀಕ್ಷೆಯ ಗುಣಮಟ್ಟವನ್ನು ನಕ್ಷತ್ರಗಳಿಂದ ತೋರಿಸುವ ಪದ್ಧತಿಯಿದೆ. ಆರು ನಕ್ಷತ್ರಗಳಿದ್ದರೆ ತಳವನ್ನೆಲ್ಲ ಶೋಧಿಸಲಾಗಿದೆ, ಸ್ಥಾನದಲ್ಲಿ 5 ಮೀಟರಿನಷ್ಟು ಮಾತ್ರ ವ್ಯತ್ಯಾಸವಿರಬಹುದು. ಮೂರೇ ನಕ್ಷತ್ರಗಳಿದ್ದರೆ ಆ ವ್ಯತ್ಯಾಸ 500 ಮೀಟರಿನವರೆಗೂ ಹೋಗಬಹುದು. ಪರದೆಯ ಮೇಲೆ ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಅಳೆಯದೆ ಬಿಟ್ಟ ಬಂಡೆ ಅಲ್ಲಿ ಮೂಡುವುದಿಲ್ಲ. ಎರಡು ಅಂಕಿಗಳ ನಡುವಿನ ಖಾಲಿ ಜಾಗವನ್ನು ಅಲ್ಲಿ ಏನೂ ಇಲ್ಲವೆಂದು ಓದಬಾರದು, ಯಾರೂ ಅಳೆದಿಲ್ಲವೆಂದು ಓದಬೇಕು. ಹೊಸ ತಾಣವನ್ನು ಹುಡುಕುವವನಿಗೆ ಆ ಖಾಲಿ ಜಾಗವೇ ಆಸೆಯ ಜಾಗ.

ಆ ಖಾಲಿ ಜಾಗದ ತಿಳಿವು ಬಹಳ ಸಲ ನಮ್ಮ ಮೀನುಗಾರರಲ್ಲಿದೆ. ತಿರುವನಂತಪುರದ ಕಡೆಯ ಮೀನುಗಾರರು ನೀರಿನಡಿಯ ಬಂಡೆಸಾಲನ್ನು ಪಾರು ಎಂದು ಕರೆಯುತ್ತಾರೆ. ದಡದ ಬೆಟ್ಟ, ಗೋಪುರ, ಮರಗಳನ್ನು ಎರಡು ದಿಕ್ಕುಗಳಲ್ಲಿ ಒಂದರ ಹಿಂದೆ ಒಂದು ಬರುವಂತೆ ಹೊಂದಿಸಿ ಅದರ ಸ್ಥಾನವನ್ನು ಕಂಡುಹಿಡಿಯುವ ಕ್ರಮಕ್ಕೆ ಅವರಲ್ಲಿ ಕಣಿಚ್ಚಂ ಎಂಬ ಹೆಸರಿದೆ. ಎರಡು ಸರಳರೇಖೆಗಳು ಒಂದೇ ಬಿಂದುವಿನಲ್ಲಿ ಸಂಧಿಸುತ್ತವೆಯೆಂಬ ರೇಖಾಗಣಿತವೇ ಅದು. ಇಂತಹ ತಿಳಿವಿನ ಹೆಸರುಗಳು ಮುದ್ರಿತ ನಕ್ಷೆಗೆ ಏರುವುದು ಅಪರೂಪ. ಮುರುಡೇಶ್ವರದಾಚೆ ಮುಳುಗುಗಾರರ ಅಚ್ಚುಮೆಚ್ಚಿನ ನೇತ್ರಾಣಿಯು ಆಂಗ್ಲರ ಬಾಯಲ್ಲಿ ಪಾರಿವಾಳದ ದ್ವೀಪ ಎಂಬರ್ಥದ ಪಿಜನ್ ಐಲೆಂಡ್ ಆಗಿತ್ತು. ಮಲ್ಪೆಯ ಎದುರಿನ ತೋನ್ಸೆಪಾರ್ ಲೋಕಕ್ಕೆ ಸೇಂಟ್ ಮೇರೀಸ್ ಎಂದೇ ಪರಿಚಿತ. ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿಗಳು ಬೆರೆತಿರುವ ಈ ಗಡಿನಾಡಿನ ಮಕ್ಕಳಾದ ನಮಗೆ ಇದು ತಿಳಿಯದ ಸಂಗತಿಯಲ್ಲ. ಹೆಸರನ್ನು ಬರೆದಿಡುವವರು ಇಲ್ಲದಿದ್ದರೆ ಹೆಸರು ಅಳಿಯುತ್ತದೆ.

ಕೊನೆಯದಾಗಿ ಎಚ್ಚರಿಕೆಯ ಮಾತು. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ. 30 ಮೀಟರಿನಲ್ಲಿ ಒತ್ತಡ ಮೇಲ್ಮೈಯ ನಾಲ್ಕು ಪಟ್ಟು, ಸಿಲಿಂಡರಿನ ಗಾಳಿ ಮುಗಿಯುವ ವೇಗವೂ ಹೆಚ್ಚುಕಡಮೆ ನಾಲ್ಕು ಪಟ್ಟು. ಆದುದರಿಂದ ನಕ್ಷೆಯ ಅಂಕಿಯನ್ನು ನಂಬಿ ನೇರವಾಗಿ ನೀರಿಗೆ ಇಳಿಯುವುದು ಸಲ್ಲದು. ದೋಣಿಯನ್ನು ಆ ಸ್ಥಳದ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆಸಿ ಆಳವನ್ನು ಯಂತ್ರದಿಂದ ಅಳೆದು ನೋಡಬೇಕು. ಪ್ರವಾಹವನ್ನು ಗಮನಿಸಬೇಕು. ನಿಷೇಧಿತ ಪ್ರದೇಶ, ಹಡಗುಗಳ ದಾರಿ, ತಂತಿ, ಕೊಳವೆಗಳ ಗುರುತುಗಳು ಅದೇ ನಕ್ಷೆಯಲ್ಲಿವೆ, ಅವನ್ನೂ ಓದಬೇಕು. ಮೀನುಗಾರರು ತಲೆಮಾರುಗಳಿಂದ ಕಾಪಾಡಿಕೊಂಡ ಬಂಡೆಯ ಸ್ಥಾನವನ್ನು ನಂಬಿ ತಿಳಿಸಿದರೆ, ಅವರ ಒಪ್ಪಿಗೆಯಿಲ್ಲದೆ ಊರಿಗೆಲ್ಲ ಸಾರಬಾರದು. ಅದು ಅವರ ಅನ್ನ.

ಮಕ್ಕಳೇ, ಅಕ್ಷರವನ್ನು ಕೂಡಿಸಿ ಓದುವುದನ್ನು ಈ ಶಾಲೆ ನೂರು ವರ್ಷಗಳಿಂದ ಕಲಿಸುತ್ತ ಬಂದಿದೆ. ನಿಮ್ಮಲ್ಲಿ ಯಾರಾದರೂ ಮುಂದೆ ಸಮುದ್ರದ ನಕ್ಷೆಯನ್ನು ಓದುವವರಾಗಬಹುದು, ಬರೆಯುವವರೂ ಆಗಬಹುದು. ಅದಕ್ಕೆ ಮೊದಲು ನಿಮ್ಮ ಮನೆಯ ಹಿರಿಯರಲ್ಲಿ ಕಡಲಿಗೆ ಹೋಗುವವರಿದ್ದರೆ, ಅವರು ಬಲ್ಲ ಬಂಡೆಗಳ ಹೆಸರುಗಳನ್ನು ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಿರಿ.